ಇಬ್ಬರೂ ದುಡಿಯುವ ಮನೆಯ ದಾಂಪತ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಆಪ್ತ ಸಲಹೆಗಾರ್ತಿ ಅಲ್ಲ, ಡಾಕ್ಟರೂ ಅಲ್ಲ. ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಒಂದು ಆಫೀಸಿನಲ್ಲಿ ಅಕೌಂಟ್ಸ್ ಕೆಲಸ. ಇವರು ನೇರಳೆ ಮಾರ್ಗದ ಮೆಟ್ರೊ ಹಿಡಿದು ವೈಟ್‌ಫೀಲ್ಡ್ ಕಡೆಗೆ ಹೋಗುತ್ತಾರೆ. ಮದುವೆಯಾಗಿ ಹನ್ನೆರಡು ವರ್ಷ. ಕೆಳಗಿನ ಪ್ರಶ್ನೆಗಳನ್ನು ಜನ ನನ್ನನ್ನು ಕೇಳಿದ್ದು ಶಾಲೆಯ ಗೇಟಿನ ಮುಂದೆ, ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ, ಮದುವೆ ಮನೆಯ ಪಂಕ್ತಿಯಲ್ಲಿ. ಕೆಲವನ್ನು ನಾನೇ ಪಾತ್ರೆ ತೊಳೆಯುತ್ತಾ ಕೇಳಿಕೊಂಡಿದ್ದು.

ಮಕ್ಕಳಾದ ಮೇಲೆ ನಮ್ಮಿಬ್ಬರ ಜಗಳ ಜಾಸ್ತಿ ಆಗಿದೆ. ನಮ್ಮಲ್ಲೇ ಏನಾದ್ರೂ ಕೊರತೆ ಇದೆಯಾ?

ಇದೆ, ನಿದ್ದೆಯ ಕೊರತೆ.

ತಮಾಷೆಯಲ್ಲ. ಮೊದಲ ಮಗುವಿನ ಮೊದಲ ವರ್ಷ ನಾವಿಬ್ಬರೂ ಆಡಿದ ಜಗಳಗಳನ್ನು ಈಗ ನೆನೆಸಿಕೊಂಡರೆ ಅರ್ಧಕ್ಕರ್ಧ ಬೆಳಗಿನ ಜಾವ ಮೂರು ಗಂಟೆಗೆ ಆಡಿದ್ದು. ಆ ಹೊತ್ತಿನಲ್ಲಿ ಯಾರಾದರೂ ಏನು ಒಳ್ಳೆಯ ಮಾತಾಡಲು ಸಾಧ್ಯ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫಿಲಿಪ್ ಕೋವನ್ ಮತ್ತು ಕೆರೊಲಿನ್ ಕೋವನ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ ಬಸುರಿನ ದಿನಗಳಿಂದ ಹಿಡಿದು ಮಕ್ಕಳು ಶಾಲೆಗೆ ಸೇರುವ ತನಕ ಹಲವು ಜೋಡಿಗಳ ಬೆನ್ನು ಹತ್ತಿ ನೋಡಿದರು. ಮೊದಲ ಮಗು ಬಂದ ಮೇಲೆ ಗಂಡ ಹೆಂಡತಿ ಇಬ್ಬರಿಗೂ ದಾಂಪತ್ಯದ ಖುಷಿ ಕಡಿಮೆಯಾಗುವುದೇ ಹೆಚ್ಚು ಎಂದು ಅವರಿಗೆ ಕಂಡಿತು. ಅದೇ ಹೊತ್ತಿನಲ್ಲಿದ್ದ ಬೇರೆ ಜೋಡಿಗಳ ಜೊತೆ ಕೂತು ಮಾತಾಡಿಕೊಂಡವರಿಗೆ ಆ ಇಳಿತ ಅಷ್ಟು ಆಗಲಿಲ್ಲ ಎಂಬುದೂ ಕಂಡಿತು. ನಮ್ಮಲ್ಲಿ ಅಂಥ ಗುಂಪು ಎಲ್ಲಿದೆ? ಬಾಣಂತನಕ್ಕೆ ಹೆಂಡತಿ ತವರಿಗೆ, ಗಂಡ ಇಲ್ಲಿ ಹೋಟೆಲ್ ಊಟಕ್ಕೆ. ಮೂರೋ ಐದೋ ತಿಂಗಳಾದ ಮೇಲೆ ಒಬ್ಬಳು ತಾಯಿಯಾಗಿ ವಾಪಸ್ ಬರುತ್ತಾಳೆ. ಅವನು ಇನ್ನೂ ಹಳೆಯ ಗಂಡನೇ. ಮಗುವನ್ನು ಎತ್ತಿಕೊಳ್ಳಲೂ ಕೈ ನಡುಗುತ್ತದೆ. ಬಾಣಂತನ ಬೇಡ ಎನ್ನುತ್ತಿಲ್ಲ, ನನ್ನ ಸೊಂಟ ಇವತ್ತು ನೆಟ್ಟಗಿರುವುದು ಅಮ್ಮನಿಂದ. ಆದರೆ ಆ ತಿಂಗಳುಗಳಲ್ಲಿ ಗಂಡ ಶನಿವಾರ ಬಂದು ಭಾನುವಾರ ಹೊರಡುವ ನೆಂಟನಾಗದೆ ಒಂದೆರಡು ವಾರವಾದರೂ ಅಲ್ಲೇ ಇದ್ದು ಬಟ್ಟೆ ಬದಲಿಸುವುದನ್ನು ಕಲಿತರೆ ಮುಂದಿನ ಎಷ್ಟೋ ಜಗಳ ತಪ್ಪುತ್ತವೆ.

ಹೆರಿಗೆಯಾದ ಮೇಲೆ ವಾರಗಟ್ಟಲೆ ಅಳು, ಮಗುವಿನ ಮೇಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ನಿಸುವುದು ಇದ್ದರೆ ಅದು ಜಗಳದ ವಿಷಯವಲ್ಲ. ಖಾಯಿಲೆ. ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ನನ್ನ ಗಂಡ ಒಳ್ಳೆಯವರು, ಹೇಳಿದ ಕೆಲಸ ಎಲ್ಲಾ ಮಾಡ್ತಾರೆ. ಆದ್ರೂ ನನಗೆ ಸಿಟ್ಟು. ನಾನೇ ಸರಿ ಇಲ್ವಾ?

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ: "ಹೇಳಿದ ಕೆಲಸ".

ಮನೆ ಕಟ್ಟುವ ಜಾಗಕ್ಕೆ ಹೋಗಿ ನೋಡಿ. ಕೂಲಿಯವನು ಇಟ್ಟಿಗೆ ಹೊರುತ್ತಾನೆ, ಬೆವರು ಸುರಿಸುತ್ತಾನೆ. ಆದರೆ ಸಿಮೆಂಟ್ ಯಾವಾಗ ಮುಗಿಯುತ್ತದೆ, ನಾಳೆ ನೀರಿನ ಟ್ಯಾಂಕರ್ ಬರುತ್ತದಾ, ಸೆಂಟ್ರಿಂಗ್ ಯಾವತ್ತು ಬಿಚ್ಚಬೇಕು ಎಂಬುದೆಲ್ಲ ಮೇಸ್ತ್ರಿಯ ತಲೆಯಲ್ಲಿ. ಸಂಜೆ ಕೂಲಿಯವನು ಕೈಕಾಲು ತೊಳೆದುಕೊಂಡು ಹೊರಟರೆ ಅವನ ಕೆಲಸ ಮುಗಿಯಿತು. ಮೇಸ್ತ್ರಿಗೆ ಮುಗಿಯುವುದಿಲ್ಲ. ನಮ್ಮ ಹೆಚ್ಚಿನ ಮನೆಗಳಲ್ಲಿ ಹೆಂಡತಿ ಮೇಸ್ತ್ರಿ, ಗಂಡ ಒಳ್ಳೆಯ ಕೂಲಿ. "ಏನು ಮಾಡ್ಲಿ ಹೇಳು, ಮಾಡ್ತೀನಿ" ಎಂದು ಅವರು ಪ್ರೀತಿಯಿಂದಲೇ ಕೇಳುತ್ತಾರೆ. ಏನು ಮಾಡಬೇಕು ಎಂದು ಯೋಚಿಸುವುದೇ ದೊಡ್ಡ ಕೆಲಸ ಎಂಬುದು ಅವರಿಗೆ ಗೊತ್ತಾಗುವುದಿಲ್ಲ. ಬುಧವಾರ ಬಿಳಿ ಶೂ. ಶುಕ್ರವಾರ ಬಣ್ಣದ ಬಟ್ಟೆ. ಮಗನ ಗೆಳೆಯನ ಹುಟ್ಟುಹಬ್ಬಕ್ಕೆ ಗಿಫ್ಟು. ದೋಸೆಗೆ ಇವತ್ತು ನೆನೆ ಹಾಕಿದರೆ ನಾಡಿದ್ದಿಗೆ ಹಿಟ್ಟು. ಇದು ತಲೆಯೊಳಗೆ ಓಡುತ್ತಲೇ ಇರುತ್ತದೆ, ಮೀಟಿಂಗಿನಲ್ಲೂ.

ಕೈ ಕೆಲಸದ ಲೆಕ್ಕವೇ ಸರಿಸಮ ಇಲ್ಲ ಬಿಡಿ. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಗಂಡಸರು 88 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಸರಾಸರಿ, ಏನೂ ಮಾಡದವರನ್ನು ಅದರಲ್ಲಿ ಸೇರಿಸಿಲ್ಲ. 2019ರ ಸಮೀಕ್ಷೆಯಲ್ಲಿ ಈ ಅಂಕಿ 299 ಮತ್ತು 97 ಇತ್ತು. ಐದು ವರ್ಷದಲ್ಲಿ ಹೆಂಗಸರ ಪಾಲು ಹತ್ತು ನಿಮಿಷ ಇಳಿಯಿತು ಎಂದು ಖುಷಿಪಟ್ಟರೆ, ಗಂಡಸರದ್ದೂ ಒಂಬತ್ತು ನಿಮಿಷ ಇಳಿದಿದೆ! ಆ ಕೆಲಸ ಮಿಕ್ಸಿ, ವಾಷಿಂಗ್ ಮಷಿನ್ನಿಗೆ ಹೋಯಿತೋ ಏನೋ, ಗಂಡನ ಕೈಗಂತೂ ಹೋಗಿಲ್ಲ.

ನೆನಪಿಟ್ಟುಕೊಳ್ಳುವ ಕೆಲಸಕ್ಕೆ ನಿಮಿಷದ ಲೆಕ್ಕ ಹಾಕುವುದು ಇನ್ನೂ ಕಷ್ಟ. ನಿಮ್ಮ ಸಿಟ್ಟು ಅಲ್ಲಿಂದ ಬರುತ್ತಿದೆ.

ಹಾಗಾದ್ರೆ ಕೆಲಸ ಹಂಚಿಕೊಳ್ಳೋದು ಹೇಗೆ?

ಕೂಲಿಗೆ ಕೊಡಬೇಡಿ, ಗುತ್ತಿಗೆಗೆ ಕೊಡಿ. ನಮ್ಮ ಮನೆಯಲ್ಲಿ ಇದಕ್ಕೆ "ಗುತ್ತಿಗೆ" ಎಂದೇ ಹೆಸರು.

ಒಂದು ಭಾನುವಾರ ಇಬ್ಬರೂ ಕೂತು ಮನೆಯಲ್ಲಿ ನಡೆಯುವ ಎಲ್ಲ ಕೆಲಸವನ್ನೂ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದೆವು. ನಾಲ್ಕು ಪುಟ ಆಯಿತು. ಇವರು ಮೊದಲ ಪುಟಕ್ಕೇ ಮುಗಿಯಿತು ಅಂದುಕೊಂಡಿದ್ದರು. ಆಮೇಲೆ ಹಂಚಿಕೊಂಡೆವು. ಗುತ್ತಿಗೆ ಎಂದರೆ ನೆನಪಿಟ್ಟುಕೊಳ್ಳುವುದರಿಂದ ಹಿಡಿದು ಮುಗಿಸುವ ತನಕ ಅವರದ್ದೇ. ಬಟ್ಟೆ ಇವರ ಗುತ್ತಿಗೆ ಎಂದರೆ ಸೋಪಿನ ಪುಡಿ ಖಾಲಿಯಾಗಿದ್ದು, ಬುಧವಾರದ ಬಿಳಿ ಶೂ, ಇಸ್ತ್ರಿ ಅಂಗಡಿಯವನ ಲೆಕ್ಕ ಎಲ್ಲವೂ ಇವರದು. ನಾನು ಬಾಯಿ ಬಿಡುವ ಹಾಗಿಲ್ಲ. ಅಡುಗೆ, ದಿನಸಿ ನನ್ನದು. ಶಾಲೆಯ ವಾಟ್ಸಾಪ್ ಗುಂಪು ಇವರದು. ಅದರಿಂದ ಹೊರಬಂದ ದಿನ ನನಗೆ ಸಿಕ್ಕಿದ ನೆಮ್ಮದಿ ಯಾವ ಪ್ರವಾಸದಲ್ಲೂ ಸಿಕ್ಕಿಲ್ಲ. ಲಸಿಕೆ, ಡಾಕ್ಟರು, ಗ್ಯಾಸ್, ಕರೆಂಟ್ ಬಿಲ್ಲು ಇವರದು. ಹಬ್ಬ, ನೆಂಟರು, ಮುಯ್ಯಿ ಲೆಕ್ಕ ನನ್ನದು. (ಮುಯ್ಯಿ ಲೆಕ್ಕವನ್ನು ಇವರಿಗೆ ಕೊಟ್ಟು ನೋಡಿದೆ. ಸೋದರತ್ತೆಯ ಮೊಮ್ಮಗನ ನಾಮಕರಣವನ್ನೇ ಮರೆತರು. ಅದರ ಮಾತು ಈಗಲೂ ಕೇಳುತ್ತಿದ್ದೇನೆ.)

ಶುರುವಿನಲ್ಲಿ ಎಡವಿದ್ದು ಹೀಗೆ. ಮಗನಿಗೆ ಒಂಬತ್ತು ತಿಂಗಳು ತುಂಬಿದಾಗ ದಡಾರ ರುಬೆಲ್ಲಾ ಲಸಿಕೆ ಹಾಕಿಸಬೇಕಿತ್ತು. ತಾಯಿ ಕಾರ್ಡು ಕಪಾಟಿನಲ್ಲಿ, ಗುತ್ತಿಗೆ ಇವರದು. ದಿನ ಬಂತು, ಹೋಯಿತು. ನನಗೆ ನೆನಪಿತ್ತು. ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿ ಕೊನೆಗೆ ಹೇಳಿದೆ. ಮಗುವಿನ ಆರೋಗ್ಯದಲ್ಲಿ ಪಾಠ ಕಲಿಸುವ ಆಟ ಆಡಬಾರದು. ಆದರೆ ಅವತ್ತು ನಾನು ಹೋಗಿ ಹಾಕಿಸಿಕೊಂಡು ಬರಲಿಲ್ಲ. ಇವರೇ ಅರ್ಧ ದಿನ ರಜೆ ಹಾಕಿ ಆರೋಗ್ಯ ಕೇಂದ್ರದ ಸಾಲಿನಲ್ಲಿ ನಿಂತರು, ರಾತ್ರಿ ಜ್ವರ ಬಂದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಇವರೇ ಓಡಾಡಿದರು. ಹದಿನಾರು ತಿಂಗಳ ಬೂಸ್ಟರ್ ದಿನ ನಾನು ಆಫೀಸಿನಲ್ಲಿದ್ದೆ. ಎಲ್ಲ ಮುಗಿಸಿ ಫೋಟೊ ಕಳಿಸಿದ್ದರು.

ಮೂರು ತಿಂಗಳಿಗೊಮ್ಮೆ ಗುತ್ತಿಗೆ ಬದಲಿಸಿಕೊಳ್ಳಬಹುದು. ಮಾರ್ಚ್ ತಿಂಗಳಲ್ಲಿ ನನಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಆಗ ಅಡುಗೆಯೂ ಇವರದೇ. ಮಾರ್ಚಿನಲ್ಲಿ ನಮ್ಮ ಮನೆಯಲ್ಲಿ ಚಿತ್ರಾನ್ನ ಜಾಸ್ತಿ.

ಅವರು ಮಾಡಿದ್ರೆ ನೀಟಾಗಿ ಮಾಡಲ್ಲ. ನಾನೇ ಮಾಡಿಬಿಡೋದು ಸುಲಭ ಅಲ್ವಾ?

ಇವತ್ತಿಗೆ ಸುಲಭ. ಇನ್ನು ಇಪ್ಪತ್ತು ವರ್ಷವೂ ನೀವೇ ಮಾಡಬೇಕು ಅಷ್ಟೆ.

ಇವರು ಹಾಕಿದ ಜಡೆ ಶಾಲೆ ತಲುಪುವ ಮೊದಲೇ ಬಿಚ್ಚಿಕೊಳ್ಳುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಮತ್ತೆ ಹಾಕುತ್ತಿದ್ದೆ. ಅಂದರೆ ಇವರ ಕೆಲಸಕ್ಕೆ ದಿನಾ ಬೆಳಿಗ್ಗೆ ಸೊನ್ನೆ ಮಾರ್ಕು. ಕೊನೆಗೆ ಮಗಳೇ ಹೇಳಿದಳು, "ಅಮ್ಮ, ನೀನು ಒಳಗೆ ಹೋಗು."

ಅತ್ತೆ ಬಂದು ಮಗು ನೋಡ್ಕೊಳ್ತಿದ್ದಾರೆ. ಅನುಕೂಲವೂ ಹೌದು, ಕಷ್ಟವೂ ಹೌದು. ಯಾರಿಗೂ ಹೇಳೋ ಹಾಗಿಲ್ಲ.

ಹೇಳುವ ಹಾಗಿಲ್ಲ ಎನ್ನುವುದೇ ಇದರ ಕಷ್ಟ. ನಮ್ಮ ಊರುಗಳಲ್ಲಿ ಎರಡು ಸಂಬಳದ ಎಷ್ಟೋ ಮನೆಗಳು ಅಜ್ಜಿಯರ ಸೊಂಟದ ಮೇಲೆ ನಿಂತಿವೆ. ಅಮ್ಮ ಆರು ತಿಂಗಳು, ಅತ್ತೆ ಆರು ತಿಂಗಳು.

ಮಗಳನ್ನು ನೋಡಿಕೊಳ್ಳಲು ನಮ್ಮ ಅತ್ತೆ ತಿಪಟೂರಿನ ಕಡೆಯ ಹಳ್ಳಿಯಿಂದ ಬಂದರು. ಮಾವನವರಿಗೆ ತೆಂಗಿನ ತೋಟ ಬಿಟ್ಟು ಬರಲು ಆಗುವುದಿಲ್ಲ. ಎರಡು ವರ್ಷ ಅವರು ಒಬ್ಬರೇ ಮುದ್ದೆ ತೊಳಸಿಕೊಂಡು ತಿಂದರು. ಅತ್ತೆ ರಾತ್ರಿ ಎಂಟಕ್ಕೆ ಸರಿಯಾಗಿ ಬಾಲ್ಕನಿಯಲ್ಲಿ ನಿಂತು ಫೋನ್ ಮಾಡುತ್ತಿದ್ದರು. ಕೊಬ್ಬರಿ ರೇಟು, ಹಸುವಿನ ವಿಚಾರ, ಮಾತ್ರೆ ತಗೊಂಡ್ರಾ ಅನ್ನುವುದು. ಒಂದು ದಿನ ಅದನ್ನು ಕೇಳುತ್ತಾ ನಿಂತಾಗ ನನಗೆ ಹೊಳೆಯಿತು. ನಮ್ಮ ಸಂಸಾರ ನಡೆಯಲಿ ಅಂತ ಅವರ ಸಂಸಾರವನ್ನು ಎರಡು ಭಾಗ ಮಾಡಿದ್ದೆವು. ಅರವತ್ತೆರಡು ವರ್ಷದ ಹೆಂಗಸಿಗೆ ಗಂಡನ ನೆನಪಾಗುತ್ತದೆ ಎಂದು ನಮಗೆ ಯಾರಿಗೂ ಅನ್ನಿಸಿರಲೇ ಇಲ್ಲ.

ಆಮೇಲೆ ಮಗಳನ್ನು ಮನೆ ಹತ್ತಿರದ ಡೇಕೇರಿಗೆ ಹಾಕಿದೆವು. ದುಡ್ಡು ಹೋಗುತ್ತದೆ ನಿಜ. ಆದರೆ ಅತ್ತೆ ಈಗ ಬಂದರೆ ಹದಿನೈದು ದಿನ, ಖುಷಿಯಾಗಿ ಇದ್ದು, ನನ್ನ ಅಡುಗೆಗೆ ಹೆಸರಿಟ್ಟು, ಹೋಗುತ್ತಾರೆ.

ಹಿರಿಯರು ಜೊತೆಗೇ ಇದ್ದಾರೆ ಎಂದಾದರೆ ನನ್ನ ಅನುಭವದ ಒಂದೇ ಮಾತು. ಅವರವರ ತಾಯಿಗೆ ಹೇಳಬೇಕಾದದ್ದನ್ನು ಅವರವರೇ ಹೇಳಬೇಕು. ಮಗುವಿಗೆ ಟಿವಿ ಹಾಕಿ ಊಟ ಮಾಡಿಸಬೇಡಿ ಎಂದು ಅತ್ತೆಗೆ ಸೊಸೆ ಹೇಳಿದರೆ ಅದು ಊರಿಗೆಲ್ಲ ಸುದ್ದಿ. ಮಗ ಹೇಳಿದರೆ, "ನಿನ್ನನ್ನ ಸಾಕಿದವಳು ನಾನೇ ಕಣೋ" ಎಂಬ ಒಂದು ಬೈಗುಳದಲ್ಲಿ ಮುಗಿಯುತ್ತದೆ.

ವಾರಕ್ಕೊಂದು ದಿನ ಇಬ್ಬರೇ ಹೊರಗೆ ಹೋಗಬೇಕು ಅಂತಾರೆ. ನಮ್ಮಿಂದ ಆಗ್ತಾ ಇಲ್ಲ.

ನಮ್ಮಿಂದಲೂ ಆಗಿಲ್ಲ. ಹನ್ನೆರಡು ವರ್ಷದಲ್ಲಿ ಇಬ್ಬರೇ ಸಿನಿಮಾಕ್ಕೆ ಹೋಗಿದ್ದು ಮೂರು ಸಲ. ಒಂದರಲ್ಲಿ ಇವರು ನಿದ್ದೆ ಹೋದರು.

ನಮಗೆ ಒಗ್ಗಿದ್ದು ಮೊಸರು. ರಾತ್ರಿ ಊಟವಾದ ಮೇಲೆ ನಾಳೆಯ ಮೊಸರು ತರಲು ಹೋಗುವುದು. ಮೊದಲು ಮಗುವನ್ನು ಗಾಡಿಯಲ್ಲಿ ತಳ್ಳಿಕೊಂಡು, ಈಗ ಮಕ್ಕಳನ್ನು ಮೇಲಿನ ಮನೆಯ ಓನರ್ ಅಜ್ಜಿಯ ಹತ್ತಿರ ಬಿಟ್ಟು. ಹೋಗಿ ಬರಲು ಹದಿನೈದು ನಿಮಿಷ. ಅಂಗಡಿ ಇನ್ನೂ ಹತ್ತಿರ ಒಂದಿದೆ, ಬೇಕೆಂದೇ ದೂರದ್ದಕ್ಕೆ ಹೋಗುತ್ತೇವೆ. ಒಂದು ಕಟ್ಟಳೆ ಇದೆ: ಆ ಹದಿನೈದು ನಿಮಿಷ ಮಕ್ಕಳ ವಿಷಯ, ಫೀಸು, ಯೂನಿಫಾರಂ ಎತ್ತುವ ಹಾಗಿಲ್ಲ. ಮೊದಮೊದಲು ಮಾತೇ ಬರುತ್ತಿರಲಿಲ್ಲ. ಎದುರಿಗೆ ಬಂದ ನಾಯಿಯ ಬಗ್ಗೆ ಮಾತಾಡುತ್ತಿದ್ದೆವು. ಇವರ ಆಫೀಸಿನಲ್ಲಿ ಯಾರು ಯಾರಿದ್ದಾರೆ, ಇವರಿಗೆ ಯಾರನ್ನು ಕಂಡರೆ ಆಗುವುದಿಲ್ಲ ಎಂಬುದೆಲ್ಲ ನನಗೆ ಗೊತ್ತಾಗಿದ್ದು ಮೊಸರಿನ ದಾರಿಯಲ್ಲಿ.

ಮಗು ನಮ್ಮಿಬ್ಬರ ನಡುವೆ ಮಲಗುತ್ತೆ. ಇನ್ನು... ನಿಮಗೆ ಅರ್ಥ ಆಯ್ತಲ್ಲ?

ಆಯಿತು. ಇದನ್ನು ಕೇಳುವವರೆಲ್ಲ ಧ್ವನಿ ತಗ್ಗಿಸಿಯೇ ಕೇಳುತ್ತಾರೆ.

ಹೆರಿಗೆಯಾದ ಮೇಲೆ ದೇಹ ಸುಧಾರಿಸಲು ಹೊತ್ತು ಬೇಕು. ಹಾಲೂಡಿಸುವ ತಿಂಗಳುಗಳಲ್ಲಿ ಹಾರ್ಮೋನುಗಳ ಏರುಪೇರಿನಿಂದ ಆಸೆಯೇ ಇಲ್ಲದಿರುವುದು, ನೋವಾಗುವುದು ಸಾಮಾನ್ಯ. ನೋವಿದ್ದರೆ ಸಹಿಸಿಕೊಳ್ಳಬೇಡಿ, ಡಾಕ್ಟರಿಗೆ ಹೇಳಿ. ದಿನವಿಡೀ ಒಂದು ಕೂಸು ಮೈಗೆ ಅಂಟಿಕೊಂಡಿದ್ದರೆ ರಾತ್ರಿ ಇನ್ನೊಂದು ಕೈ ಸೋಕಿದರೂ ಸಾಕಪ್ಪ ಅನ್ನಿಸುತ್ತದೆ. ಅದು ಗಂಡನ ಮೇಲಿನ ಕೋಪವಲ್ಲ. ಆದರೆ ಬಾಯಿಬಿಟ್ಟು ಹೇಳದಿದ್ದರೆ ಅವರಿಗೆ ಹಾಗೇ ಕಾಣುತ್ತದೆ.

ಮಗುವನ್ನು ನಡುವಿನಿಂದ ಗೋಡೆಯ ಪಕ್ಕಕ್ಕೆ ಸರಿಸುವುದು ದೊಡ್ಡ ಹೆಜ್ಜೆ. ಒಂದು ಬೆಡ್‌ರೂಮಿನ ಮನೆಯಾದರೆ ಹಾಲಿನಲ್ಲಿ ಹಾಸಿಗೆ ಹಾಸಿಕೊಂಡವರು ನೀವೇ ಮೊದಲಿಗರಲ್ಲ. ಮತ್ತೆ ಒಂದು ಮಾತು ಗಂಡಸರಿಗೆ: ರಾತ್ರಿ ಹತ್ತೂವರೆಗೆ ಬರುವ ಪ್ರೀತಿಗಿಂತ ಸಂಜೆ ಏಳಕ್ಕೆ ತೊಳೆದಿಟ್ಟ ಟಿಫಿನ್ ಡಬ್ಬಿಗೆ ಬೆಲೆ ಜಾಸ್ತಿ.

ದುಡ್ಡು ಯಾರ ಕೈಯಲ್ಲಿರಬೇಕು?

ಇಬ್ಬರಿಗೂ ಕಾಣುವ ಕಡೆ ಇದ್ದರೆ ಸಾಕು. ನಾವು ಮೂರು ಖಾತೆ ಇಟ್ಟಿದ್ದೇವೆ. ಮನೆ ಬಾಡಿಗೆ, ಶಾಲೆ, ದಿನಸಿಗೆ ಒಂದು ಜಂಟಿ ಖಾತೆ. ಸಂಬಳಕ್ಕೆ ತಕ್ಕ ಹಾಗೆ ಇಬ್ಬರೂ ಹಾಕುತ್ತೇವೆ. ಉಳಿದದ್ದು ಅವರವರದು. ನನ್ನ ಖಾತೆಯಿಂದ ನಾನು ಸೀರೆ ತಂದರೂ, ಅಮ್ಮನಿಗೆ ಕಳಿಸಿದರೂ ಲೆಕ್ಕ ಕೊಡಬೇಕಿಲ್ಲ.

ತವರಿಗೆ ಕದ್ದು ದುಡ್ಡು ಕಳಿಸುವ ಹೆಂಗಸರು, ತಮ್ಮನಿಗೆ ಸಾಲ ಕೊಟ್ಟು ಹೆಂಡತಿಗೆ ಹೇಳದ ಗಂಡಸರು, ಇಬ್ಬರನ್ನೂ ಕಂಡಿದ್ದೇನೆ. ಕಳಿಸಿದ್ದಕ್ಕಿಂತ ಮುಚ್ಚಿಟ್ಟಿದ್ದಕ್ಕೇ ಮನೆಗಳು ಹೊತ್ತಿ ಉರಿದಿದ್ದು.

ಮಕ್ಕಳ ಮುಂದೆ ಜಗಳ ಆಡಬಾರದು ಅಂತಾರೆ. ಎಲ್ಲಿಗೆ ಹೋಗಿ ಆಡೋಣ?

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂದ ನಮ್ಮ ಹಿರಿಯರೇ "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು" ಎಂದೂ ಹೇಳಿದ್ದಾರೆ. ನಾವು ಮೊದಲಿನದನ್ನು ನಗುತ್ತಾ ಹೇಳುತ್ತೇವೆ, ಎರಡನೆಯದನ್ನು ಮರೆಯುತ್ತೇವೆ.

ಎರಡು ರೂಮಿನ ಮನೆಯಲ್ಲಿ ಮಕ್ಕಳಿಗೆ ಕೇಳಿಸದ ಜಗಳ ಇಲ್ಲ. ನಾವು ಆಡುತ್ತೇವೆ. ಬೈಗುಳ ಇಲ್ಲ, ಕೈ ಎತ್ತುವುದು ಇಲ್ಲ, ತವರು ಅತ್ತೆ ಮನೆ ಎಳೆದು ತರುವುದು ಇಲ್ಲ (ಇದನ್ನು ಇಬ್ಬರೂ ಮುರಿದಿದ್ದೇವೆ). ಮಕ್ಕಳ ಮುಂದೆ ಆಡಿದ ಜಗಳವನ್ನು ಮಕ್ಕಳ ಮುಂದೆಯೇ ಮುಗಿಸುತ್ತೇವೆ. ಅವರು ಮಲಗಿದ ಮೇಲೆ ರಾಜಿಯಾದರೆ ಅವರಿಗೆ ಹೇಗೆ ಗೊತ್ತಾಗಬೇಕು? ಮಗನಿಗೆ ಮೂರು ವರ್ಷವಿದ್ದಾಗ, ಹಿಂದಿನ ರಾತ್ರಿ ನಾವು ಕೂಗಾಡಿದ್ದಕ್ಕೆ ಬೆಳಿಗ್ಗೆ ಎದ್ದು ಅಪ್ಪನ ಚಪ್ಪಲಿ ಬಾಗಿಲಲ್ಲಿದೆಯಾ ಎಂದು ನೋಡಿಬಂದ. ಅವತ್ತಿನಿಂದ ಈ ಕಟ್ಟಳೆ.

ಇವರಿಗೆ ಬೇರೆ ಊರಿಗೆ ವರ್ಗ ಆಗಿದೆ. ವಾರಕ್ಕೊಮ್ಮೆ ಬರೋದು. ಹೇಗೆ ನಿಭಾಯಿಸೋದು?

ಮಗಳು ಚಿಕ್ಕವಳಿದ್ದಾಗ ಇವರು ಒಂದೂವರೆ ವರ್ಷ ಹುಬ್ಬಳ್ಳಿಯಲ್ಲಿದ್ದರು. ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿ ಶನಿವಾರ ಬೆಳಿಗ್ಗೆ ಬಂದಿಳಿಯುವುದು. ವಾರವಿಡೀ ನಾನು ಕಾಯುತ್ತಿದ್ದೆ, ಬಂದ ಎರಡು ಗಂಟೆಯಲ್ಲಿ ಜಗಳ. ಯಾಕೆಂದರೆ ಐದು ದಿನದ ನನ್ನ ಏರ್ಪಾಟಿನೊಳಗೆ ಇವರು ಬಂದು ಸೋಫಾ ಮೇಲೆ ಬ್ಯಾಗ್ ಇಡುತ್ತಿದ್ದರು! ಇವರಿಗೋ, ನನ್ನ ಮನೆಯಲ್ಲೇ ನಾನು ನೆಂಟನಾದೆನಲ್ಲ ಎಂಬ ಬೇಸರ.

ನಮಗೆ ಉಪಯೋಗಕ್ಕೆ ಬಂದಿದ್ದು ಎರಡು. ಶನಿವಾರ ಬೆಳಿಗ್ಗೆ ಯಾವ ಗಂಭೀರ ವಿಷಯವನ್ನೂ ಎತ್ತದಿರುವುದು, ಸ್ನಾನ, ತಿಂಡಿ, ನಿದ್ದೆ ಅಷ್ಟೆ. ಮತ್ತೆ ದೂರದಲ್ಲಿದ್ದೇ ಮಾಡಬಹುದಾದ ಗುತ್ತಿಗೆಗಳು. ಬಿಲ್ಲು, ಶಾಲೆಯ ಮೆಸೇಜು, ಡಾಕ್ಟರ ಅಪಾಯಿಂಟ್‌ಮೆಂಟು ಇವೆಲ್ಲ ಹುಬ್ಬಳ್ಳಿಯಿಂದಲೂ ಆಗುತ್ತವೆ. ರಾತ್ರಿ ಮಗಳಿಗೆ ಕತೆ ಹೇಳುವುದೂ ಫೋನಿನಲ್ಲೇ ಇವರದು. ಆ ಇಪ್ಪತ್ತು ನಿಮಿಷ ನಾನು ಸುಮ್ನೆ ಕೂತಿರುತ್ತಿದ್ದೆ.

ರಜೆ ಎಷ್ಟು ಸಿಗುತ್ತೆ?

ಹೆರಿಗೆ ಸೌಲಭ್ಯದ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ ಸಂಬಳ ಸಹಿತ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಮೊದಲ ಎರಡು ಮಕ್ಕಳಿಗೆ. ಮೂರನೆಯದಕ್ಕೆ 12 ವಾರ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. 50 ಅಥವಾ ಹೆಚ್ಚು ಜನ ಇರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆ ಮಾಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಕಾನೂನಿನಲ್ಲಿ ಇದೆ, ನಿಮ್ಮ ಆಫೀಸಿನಲ್ಲಿ ಇದೆಯಾ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಕರ್ನಾಟಕ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ "ಕೂಸಿನ ಮನೆ" ತೆರೆದಿದೆ.

ಅಪ್ಪಂದಿರಿಗೆ? ಕೇಂದ್ರ ಸರ್ಕಾರಿ ನೌಕರರಾದರೆ 15 ದಿನ. ಖಾಸಗಿಯವರಿಗೆ ಕಂಪನಿ ಮನಸ್ಸು ಮಾಡಿದಷ್ಟು. 26 ವಾರ ಒಬ್ಬಳಿಗೇ ಕೊಟ್ಟ ದಿನವೇ ಮಗುವಿನ ಮೇಸ್ತ್ರಿ ಯಾರು ಎಂದು ತೀರ್ಮಾನವಾಗಿಬಿಡುತ್ತದೆ. ಆ ರಜೆ ಕಡಿಮೆ ಮಾಡಿ ಎನ್ನುತ್ತಿಲ್ಲ, ಅಪ್ಪನಿಗೂ ಕೊಡಿ ಎನ್ನುತ್ತಿದ್ದೇನೆ.

ಕೌನ್ಸೆಲಿಂಗ್‌ಗೆ ಯಾವಾಗ ಹೋಗಬೇಕು? ಹೋದ್ರೆ ಜನ ಏನಂತಾರೆ?

ಜ್ವರ ಬಂದರೆ ಹೋಗುವುದಿಲ್ಲವೇ? ಮಾತು ನಿಂತು ವಾರಗಟ್ಟಲೆ ಆಗಿದ್ದರೆ, ಮಕ್ಕಳ ಮೂಲಕವೇ "ಅಪ್ಪನಿಗೆ ಹೇಳು" ಎಂದು ಸಂದೇಶ ಕಳಿಸುವ ಮಟ್ಟಕ್ಕೆ ಬಂದಿದ್ದರೆ, ಒಬ್ಬರ ಮೇಲೊಬ್ಬರಿಗೆ ಸಿಟ್ಟೂ ಬರದಷ್ಟು ಬೇಸರವಾಗಿದ್ದರೆ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದಂಪತಿಗಳಿಗೆ, ಕುಟುಂಬಗಳಿಗೆ ಚಿಕಿತ್ಸೆ ಇದೆ. ಟೆಲಿ ಮನಸ್ ಎಂಬ ಉಚಿತ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಹೊಡೆತ, ಹೆದರಿಕೆ, ಸಂಬಳ ಕಿತ್ತುಕೊಳ್ಳುವುದು ಇದ್ದರೆ ಈ ಪುಟದ ಯಾವ ಮಾತೂ ನಿಮಗಲ್ಲ. ಗುತ್ತಿಗೆ, ಮೊಸರು ಎಲ್ಲ ಬದಿಗಿಡಿ. 181 ಮಹಿಳಾ ಸಹಾಯವಾಣಿ, ತಕ್ಷಣದ ಅಪಾಯಕ್ಕೆ 112. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾನೂನಿನಲ್ಲಿ ದುಡ್ಡಿನ ಹಿಂಸೆ, ಮಾತಿನ ಹಿಂಸೆಯೂ ಸೇರಿದೆ. "ಮಕ್ಕಳಿಗೋಸ್ಕರ ಸಹಿಸಿಕೋ" ಎನ್ನುವವರ ಮಾತು ಕೇಳಬೇಡಿ.

ಇಷ್ಟೆಲ್ಲ ಹೇಳ್ತೀರಲ್ಲ, ನಿಮ್ಮ ಮನೇಲಿ ಜಗಳ ಆಗಲ್ವಾ?

ಮೊನ್ನೆ ಮಂಗಳವಾರವೇ ಆಯಿತು. ನಾಲ್ಕನೇ ದೋಸೆ ಕಾವಲಿ ಮೇಲಿದ್ದಾಗ ಗ್ಯಾಸ್ ಮುಗಿಯಿತು. ಇನ್ನೊಂದು ಸಿಲಿಂಡರೂ ಖಾಲಿ. ಗ್ಯಾಸ್ ಯಾರ ಗುತ್ತಿಗೆ ಎಂದು ಮೇಲೆ ಬರೆದಿದ್ದೇನೆ. ಬುಕ್ ಮಾಡಬೇಕು ಅಂದುಕೊಂಡಿದ್ದೆ ಎಂದರು. ನಾನು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ. ಅಂದ ಮೇಲೆ ಮಾರ್ಚಿನಲ್ಲಿ ನಾನು ಅಕ್ಕಿ ಮರೆತಿದ್ದೂ ಹೊರಗೆ ಬಂತು.

ಮಕ್ಕಳ ವ್ಯಾನ್ ಬರಲು ಇಪ್ಪತ್ತೈದು ನಿಮಿಷ. ಇವರು ಹಿಟ್ಟಿನ ಪಾತ್ರೆ, ಕಾವಲಿ ಎರಡನ್ನೂ ಎತ್ತಿಕೊಂಡು ಓನರ್ ಅಜ್ಜಿಯ ಮನೆಗೆ ಹತ್ತಿದರು. ಒಂಬತ್ತು ದೋಸೆ, ಒಂದು ಬಟ್ಟಲು ಅಜ್ಜಿಯ ಶೇಂಗಾ ಚಟ್ನಿ ತಂದರು. ಡಬ್ಬಿ ತುಂಬಿದೆವು. ಸಂಜೆ ಮೊಸರು ತರುವ ತನಕ ನಾನು ಮಾತಾಡಲಿಲ್ಲ.

ಸಿಲಿಂಡರ್ ಗುರುವಾರ ಬಂತು. ಅಜ್ಜಿಯ ಬಟ್ಟಲು ಇನ್ನೂ ನಮ್ಮ ಮನೆಯಲ್ಲೇ ಇದೆ. ಅದನ್ನು ವಾಪಸ್ ಕೊಡುವುದು ಯಾರ ಗುತ್ತಿಗೆ ಎಂದು ಇನ್ನೂ ತೀರ್ಮಾನವಾಗಿಲ್ಲ.